ಬೆನ್ನಿಗೆ ಸೂಜಿ ಹಾಕುವ ಮುಂಚೆ ಬೆನ್ನಿಗೇ ಸ್ಕ್ಯಾನ್ ಯಾಕೆ?

ಪ್ರಶ್ನೆ: ನನಗೆ 31 ವರ್ಷ. ಎತ್ತರ 154 ಸೆಂ.ಮೀ., ತೂಕ ಈಗ 98 ಕೆ.ಜಿ. ಎರಡನೇ ಸಲ ಗರ್ಭಿಣಿ, ಎಂಟನೇ ತಿಂಗಳು ನಡೆಯುತ್ತಿದೆ. ನಾಲ್ಕು ವರ್ಷದ ಹಿಂದೆ ಮೊದಲ ಹೆರಿಗೆ ಸಿಸೇರಿಯನ್ ಆಯಿತು. ಆಗ ಬೆನ್ನಿಗೆ ಏಳೆಂಟು ಸಲ ಸೂಜಿ ಚುಚ್ಚಿದರು. ‘ತುಂಬಾ ದಪ್ಪ, ಜಾಗಾನೇ ಸಿಗ್ತಿಲ್ಲ’ ಎಂದು ನನ್ನೆದುರೇ ಮಾತಾಡಿಕೊಂಡರು. ಕೊನೆಗೆ ಪೂರ್ತಿ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದರು. ಮಗು ಮೊದಲು ಅತ್ತಿದ್ದನ್ನು ನಾನು ಕೇಳಲೇ ಇಲ್ಲ. ಅವತ್ತಿನಿಂದ ಸೊಂಟನೋವೂ ಇದೆ. ಈ ಸಲವೂ ಸಿಸೇರಿಯನ್ನೇ ಅಂದಿದ್ದಾರೆ. ಈಗ ತೋರಿಸುತ್ತಿರುವ ಆಸ್ಪತ್ರೆಯ ಅನಸ್ತೇಷಿಯಾ ಡಾಕ್ಟರು ‘ಮೊದಲು ಬೆನ್ನಿಗೆ ಸ್ಕ್ಯಾನ್ ಮಾಡಿ ನೋಡಿ, ಆಮೇಲೆ ಸೂಜಿ ಹಾಕ್ತೀನಿ’ ಎಂದರು. ಹೊಟ್ಟೆಗೆ ಸ್ಕ್ಯಾನ್ ಗೊತ್ತು, ಬೆನ್ನಿಗೆ ಯಾಕೆ? ಮಗುವಿಗೆ ತೊಂದರೆ ಇಲ್ಲವಾ? ಈ ಸಲ ಒಂದೇ ಚುಚ್ಚಿಗೆ ಆಗುತ್ತಾ? ಅಥವಾ ಇದೆಲ್ಲ ಬೇಡ, ನೇರವಾಗಿ ಪ್ರಜ್ಞೆ ತಪ್ಪಿಸಿಯೇ ಮಾಡಿ ಅಂತ ಕೇಳಲಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಹಾಗೆ ಕೇಳಬೇಡಿ. ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕಾದ ಪರಿಸ್ಥಿತಿ ಬಂದರೆ ಡಾಕ್ಟರು ಹೋದ ಸಲದಂತೆ ಈ ಸಲವೂ ಅದನ್ನು ಮಾಡುತ್ತಾರೆ. ಆದರೆ ನಿಮ್ಮಂಥವರಿಗೆ ನಾವು ಅನಸ್ತೇಷಿಯಾ ಡಾಕ್ಟರುಗಳು ಮೊದಲು ಕೈ ಹಾಕುವುದು ಅದಕ್ಕಲ್ಲ.

ಕಾರಣ ಇಷ್ಟು. ಪ್ರಜ್ಞೆ ತಪ್ಪಿಸಿದ ಮೇಲೆ ಬಾಯಿಯಿಂದ ಶ್ವಾಸನಾಳಕ್ಕೆ ಒಂದು ಟ್ಯೂಬ್ ಹಾಕಬೇಕು. ತುಂಬು ಗರ್ಭಿಣಿಯರಲ್ಲಿ ಗಂಟಲಿನ ಒಳಭಾಗ ಸ್ವಲ್ಪ ಊದಿಕೊಂಡಿರುತ್ತದೆ. ಹೊಟ್ಟೆಯ ಹುಳಿನೀರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಭಯ ಇರುತ್ತದೆ. ಅದರ ಜೊತೆ ತೂಕವೂ ಜಾಸ್ತಿ ಇದ್ದರೆ ಎದೆಯೊಳಗೆ ಗಾಳಿಯ ದಾಸ್ತಾನು ಕಡಿಮೆ. ಉಸಿರು ನಿಂತ ಕೂಡಲೇ ರಕ್ತದಲ್ಲಿನ ಆಮ್ಲಜನಕ ಸರಸರ ಇಳಿಯುತ್ತದೆ. ಟ್ಯೂಬ್ ಹಾಕಲು ನಮಗೆ ಸಿಗುವ ಸಮಯ ಅಷ್ಟು ಕಮ್ಮಿ. ಹೆರಿಗೆಯ ಸಂದರ್ಭದಲ್ಲಿ ಹೀಗೆ ಪ್ರಜ್ಞೆ ತಪ್ಪಿಸಿದವರ ಪೈಕಿ ಸುಮಾರು 390ರಲ್ಲಿ ಒಬ್ಬರಿಗೆ ಟ್ಯೂಬ್ ಹೋಗುವುದೇ ಇಲ್ಲ ಎಂಬುದು ಹಲವು ವರ್ಷಗಳ ವರದಿಗಳನ್ನು ಕೂಡಿಸಿ ತೆಗೆದ ಲೆಕ್ಕ. ಟ್ಯೂಬ್ ಹೋಗದಿದ್ದರೂ ಉಸಿರು ಕೊಡಲು ಬೇರೆ ದಾರಿಗಳಿವೆ, ಗಾಬರಿ ಬೇಡ. ಆದರೆ ಸೊಂಟದ ಕೆಳಗಷ್ಟೇ ಮರಗಟ್ಟಿಸಿ, ನೀವು ಎಚ್ಚರವಿದ್ದು, ನಿಮ್ಮ ಉಸಿರು ನೀವೇ ಆಡುತ್ತಿದ್ದರೆ ಈ ತಲೆನೋವೇ ಇಲ್ಲವಲ್ಲ.

ಹೋದ ಸಲ ನಿಮಗೆ ಪ್ರಜ್ಞೆ ತಪ್ಪಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಎಂಟು ಸಲ ಚುಚ್ಚಿದವರು ಇನ್ನೂ ಎಂಟು ಸಲ ಚುಚ್ಚದೆ ದಾರಿ ಬದಲಿಸಿದರು, ಅದು ಸರಿಯೇ. ನಿಮ್ಮೆದುರು ನಿಂತು ಆ ಮಾತು ಆಡಿದ್ದು ಮಾತ್ರ ಸರಿಯಲ್ಲ. ನಿಮ್ಮ ಬೆನ್ನಲ್ಲಿ ಜಾಗ ಇತ್ತು. ಅದು ಅವರ ಬೆರಳಿಗೆ ಸಿಗಲಿಲ್ಲ, ಅಷ್ಟೇ.

ಬೆರಳು ಅಂದೆನಲ್ಲ, ಕತೆ ಇರುವುದೇ ಅಲ್ಲಿ.

ಬೆನ್ನಿಗೆ ಸೂಜಿ ಹಾಕಿ ಮರಗಟ್ಟಿಸುವುದನ್ನು ಜರ್ಮನಿಯ ಕೀಲ್ ಊರಿನ ಸರ್ಜನ್ ಆಗಸ್ಟ್ ಬಿಯರ್ ಶುರು ಮಾಡಿದ್ದು 1898ರಲ್ಲಿ. ಆಗ ಒಳಗೆ ಬಿಟ್ಟಿದ್ದು ಕೊಕೇನ್. ಬಿಯರ್ ತನ್ನ ಮೇಲೂ ಪ್ರಯೋಗ ಮಾಡಿಸಿಕೊಳ್ಳಲು ಹೋಗಿ, ಬೆನ್ನುಹುರಿಯ ಸುತ್ತಲಿನ ನೀರು ಸೋರಿ, ದಿನಗಟ್ಟಲೆ ತಲೆನೋವಿನಿಂದ ಮಲಗಿದ್ದ. ಅಂದಿನಿಂದ ಔಷಧಿ ಬದಲಾಯಿತು, ಸೂಜಿ ಸಣ್ಣದಾಯಿತು. ಈಗ ನಾವು ಬಳಸುವ 25 ಗೇಜ್ ಸೂಜಿಯ ದಪ್ಪ ಸುಮಾರು ಅರ್ಧ ಮಿಲಿಮೀಟರ್, ತುದಿ ಪೆನ್ಸಿಲ್ ಮೊನೆಯ ಹಾಗೆ. ಆದರೆ ಎಲ್ಲಿ ಚುಚ್ಚಬೇಕು ಅಂತ ಹುಡುಕುವ ವಿಧಾನ ನೂರು ವರ್ಷ ದಾಟಿದರೂ ಬಹುತೇಕ ಕಡೆ ಅದೇ. ಬೆರಳಿನಿಂದ ಒತ್ತಿ ನೋಡುವುದು.

ಹೇಗೆ ಅಂದರೆ, ಸೊಂಟದ ಎರಡೂ ಪಕ್ಕದಲ್ಲಿ ಕೈಗೆ ಸಿಗುವ ಎಲುಬಿನ ಅಂಚು ಇದೆಯಲ್ಲ, ಸೀರೆಯ ಲಂಗದ ಲಾಡಿ ನಿಲ್ಲುವ ಜಾಗ, ಅವೆರಡನ್ನೂ ಸೇರಿಸಿ ಬೆನ್ನಿನ ಮೇಲೆ ಒಂದು ಗೆರೆ ಊಹಿಸಿಕೊಳ್ಳುತ್ತೇವೆ. ಇದನ್ನು ಟಫಿಯರ್ ಗೆರೆ ಅನ್ನುತ್ತಾರೆ. ಅದು ಸೊಂಟದ ನಾಲ್ಕನೇ ಮೂಳೆಯ ಹತ್ತಿರ ಹಾದುಹೋಗುತ್ತದೆ ಅಂತ ಪಾಠ. ಅಲ್ಲಿಂದ ನಡುಬೆನ್ನಿನ ಗಂಟುಗಳನ್ನು ಬೆರಳಲ್ಲಿ ಎಣಿಸಿ, ಎರಡು ಗಂಟಿನ ನಡುವಿನ ತಗ್ಗು ಹಿಡಿದು ಸೂಜಿ ಹಾಕುತ್ತೇವೆ. ಸಣಕಲು ಬೆನ್ನಲ್ಲಿ ಈ ಗಂಟುಗಳು ಕಣ್ಣಿಗೇ ಕಾಣುತ್ತವೆ. ಮಣಿ ಪೋಣಿಸಿದ ಹಾಗೆ.

ಮಣಿಗಳ ಮೇಲೆ ನಾಲ್ಕು ಬೆರಳು ದಪ್ಪದ ಹತ್ತಿಯ ಹಾಸಿಗೆ ಹಾಸಿ, ಈಗ ಮೂರನೇ ಮತ್ತು ನಾಲ್ಕನೇ ಮಣಿಯ ನಡುವಿನ ಸಂದು ಹುಡುಕಿ ಅಂದರೆ? ನಿಮ್ಮ ಡಾಕ್ಟರಿಗೆ ಅವತ್ತು ಆಗಿದ್ದು ಅದೇ. ಇನ್ನೊಂದು ಮೋಸವೂ ಇದೆ. ಕೊಬ್ಬು ಎರಡೂ ಕಡೆ ಒಂದೇ ಸಮ ಕೂರುವುದಿಲ್ಲ. ಬೆನ್ನಿನ ನಡುವೆ ಕಾಣುವ ಮಡಿಕೆಯೇ ನಡುಗೆರೆ ಅಂತ ಅನ್ನಿಸುತ್ತದೆ. ಎಷ್ಟೋ ಸಲ ಅದು ನಡುಗೆರೆ ಆಗಿರುವುದಿಲ್ಲ.

ನಡುಗೆರೆ ತಪ್ಪಿದರೆ ಸೂಜಿ ಮೂಳೆಗೆ ತಾಗುತ್ತದೆ, ನೋವಾಗುತ್ತದೆ, ಹಿಂದಕ್ಕೆ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಅದು ರಗಳೆ. ಎತ್ತರ ತಪ್ಪಿದರೆ ಅದಕ್ಕಿಂತ ಗಂಭೀರ. ಬೆನ್ನುಹುರಿ ಹೆಚ್ಚಿನವರಲ್ಲಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟಕ್ಕೆ ಮುಗಿಯುತ್ತದೆ. ಅದರ ಕೆಳಗೆ ನೀರು ಮತ್ತು ಅದರಲ್ಲಿ ತೇಲುವ ನರಗಳು ಮಾತ್ರ. ನಾವು ಸೂಜಿಯನ್ನು ಮೂರನೇ ಮೂಳೆಯಿಂದ ಕೆಳಕ್ಕೇ ಹಾಕುವುದು ಅದಕ್ಕಾಗಿಯೇ. ಆದರೆ ಬೆರಳಿನ ಲೆಕ್ಕ ಎಷ್ಟು ಸರಿ? 2000ನೇ ಇಸವಿಯಲ್ಲಿ ಬ್ರಿಟನ್ನಿನಲ್ಲಿ 100 ಜನರ ಬೆನ್ನಿನ ಮೇಲೆ ಗುರುತು ಹಾಕಿ, ಇದು ಯಾವ ಸಂದು ಹೇಳಿ ಅಂತ ಅನುಭವಿ ಅನಸ್ತೇಷಿಯಾ ಡಾಕ್ಟರುಗಳನ್ನು ಕೇಳಿದರು. ಆಮೇಲೆ ಎಂಆರ್‌ಐ ತೆಗೆದು ತಾಳೆ ನೋಡಿದರು. ಸರಿಯಾಗಿದ್ದದ್ದು ಶೇ. 29 ಮಾತ್ರ. ತಪ್ಪಿದಾಗಲೆಲ್ಲ ಹೆಚ್ಚಾಗಿ ತಾವಂದುಕೊಂಡ ಜಾಗಕ್ಕಿಂತ ಒಂದು ಮೂಳೆ ಮೇಲೆ ಇದ್ದರು. ಇದನ್ನು ಓದಿದ ದಿನ ನನಗೆ ನಿಜವಾಗಿಯೂ ಬೇಜಾರಾಗಿತ್ತು. ನನ್ನ ಬೆರಳಿನ ಬಗ್ಗೆ ನನಗೆ ಆವರೆಗೆ ಒಂಥರಾ ಜಂಭ ಇತ್ತು.

ಜಂಭ ಇಳಿಸಿದ ಇನ್ನೊಂದು ರಾತ್ರಿಯನ್ನೂ ಹೇಳಿಬಿಡುತ್ತೇನೆ. ನಾನು ಓದು ಮುಗಿಸಿ ಇನ್ನೂ ಹೊಸಬಳು. ಒಬ್ಬ ಗರ್ಭಿಣಿಗೆ ಹನ್ನೊಂದು ಸಲ ಚುಚ್ಚಿದೆ. ಲೆಕ್ಕ ನೆನಪಿದೆ, ಯಾಕೆಂದರೆ ಆಕೆ ಮೆತ್ತಗೆ ಎಣಿಸುತ್ತಿದ್ದಳು. ಹನ್ನೊಂದಾದ ಮೇಲೆ ಹಿರಿಯ ಡಾಕ್ಟರನ್ನು ಕರೆದೆ. ಅವರು ಬಂದವರೇ ಆಕೆಯ ಭುಜ ತಟ್ಟಿ, ‘ಅಮ್ಮಾ, ಈಗ ಸೂಜಿ ತಾಗ್ತಿರೋದು ಎಡಗಡೆನಾ, ಬಲಗಡೆನಾ, ಮಧ್ಯಕ್ಕಾ?’ ಅಂತ ಕೇಳಿದರು. ‘ಆವಾಗಿಂದ ಎಡಗಡೆನೇ ಚುಚ್ತಿದ್ದಾರಲ್ಲ’ ಅಂದಳು ಆಕೆ. ಅವರು ಒಂದು ಬೆರಳು ಬಲಕ್ಕೆ ಸರಿದರು. ಆಯಿತು. ನನಗೆ ಗೊತ್ತಿಲ್ಲದ್ದು ಆಕೆಗೆ ಗೊತ್ತಿತ್ತು, ನಾನು ಕೇಳಿರಲಿಲ್ಲ. ಈಗ ಸ್ಕ್ಯಾನ್ ಇದ್ದರೂ ಆ ಪ್ರಶ್ನೆ ಕೇಳುವುದನ್ನು ನಾನು ಬಿಟ್ಟಿಲ್ಲ. ನಿಮ್ಮನ್ನು ಯಾರೂ ಕೇಳದಿದ್ದರೆ ನೀವಾಗಿಯೇ ಹೇಳಿ.

ಈಗ ಸ್ಕ್ಯಾನಿಗೆ ಬರೋಣ. ಇದು ನಿಮ್ಮ ಹೊಟ್ಟೆಗೆ ಮಾಡಿದ ಅದೇ ಅಲ್ಟ್ರಾಸೌಂಡ್. ಎಷ್ಟೋ ಕಡೆ ಅದೇ ಯಂತ್ರ, ಮೈಮೇಲೆ ಒತ್ತಿ ಹಿಡಿಯುವ ಅದೇ ಬಾಗಿದ ಮುಖದ ಪ್ರೋಬ್. ಎಕ್ಸ್‌ರೇ ಅಲ್ಲ, ವಿಕಿರಣ ಇಲ್ಲ, ಬರೀ ಶಬ್ದದ ಅಲೆ. ಅದೂ ಹೊಟ್ಟೆಯ ಕಡೆಯಲ್ಲ, ಬೆನ್ನಿನ ಕಡೆ, ಕೆಲವೇ ನಿಮಿಷ. ಮಗುವಿಗೆ ಏನೂ ಆಗುವುದಿಲ್ಲ. ಬೆನ್ನಿನಿಂದ ನೋಡಿದರೆ ಮಗು ಕಾಣುವುದೂ ಇಲ್ಲ.

ಮೂಳೆಯ ಮೂಲಕ ಶಬ್ದ ದಾಟುವುದಿಲ್ಲ. ಹಾಗಾಗಿ ಪರದೆಯ ಮೇಲೆ ಮೂಳೆ ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು. ನಮಗೆ ಬೇಕಾಗಿದ್ದು ಮೂಳೆ ಇಲ್ಲದ ಕಿಟಕಿ. ಮೊದಲು ಪ್ರೋಬನ್ನು ಉದ್ದಕ್ಕೆ ಹಿಡಿದು, ನಡುಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಇಟ್ಟು, ಒಳಮುಖವಾಗಿ ಓರೆ ಮಾಡುತ್ತೇವೆ. ಸೊಂಟದ ಬುಡದಲ್ಲಿರುವ ಸೇಕ್ರಮ್ ಮೂಳೆ ಉದ್ದನೆಯ ಬಿಳಿ ಗೆರೆಯಾಗಿ ಕಾಣುತ್ತದೆ. ಅಲ್ಲಿಂದ ಮೇಲಕ್ಕೆ ಬಂದರೆ ಗೆರೆ ತುಂಡಾಗಿ ಗರಗಸದ ಹಲ್ಲಿನಂತೆ ಏರಿಳಿತ ಶುರು. ಮೊದಲ ಹಲ್ಲು ಐದನೇ ಮೂಳೆ, ಅದರ ಮೇಲಿನದು ನಾಲ್ಕನೆಯದು, ಆಮೇಲೆ ಮೂರನೆಯದು. ಕೆಳಗಿನಿಂದ ಎಣಿಸಿಕೊಂಡು ಬರುವುದು, ಬಸ್ ಸ್ಟಾಪ್ ಎಣಿಸಿದ ಹಾಗೆ. ಬೆರಳಿನ ಊಹೆಗಿಂತ ಇದು ಎಷ್ಟೋ ವಾಸಿ.

ಆಮೇಲೆ ಪ್ರೋಬನ್ನು ಅಡ್ಡ ತಿರುಗಿಸುತ್ತೇವೆ. ಬೆನ್ನಿನ ಗಂಟಿನ ಮೇಲೆ ಇಟ್ಟರೆ ನಟ್ಟನಡುವೆ ಉದ್ದನೆಯ ಕಪ್ಪು ನೆರಳು ಬೀಳುತ್ತದೆ. ಅದೇ ನಿಮ್ಮ ನಿಜವಾದ ನಡುಗೆರೆ, ಮಡಿಕೆ ಎಲ್ಲೇ ಇರಲಿ. ಒಂಚೂರು ಮೇಲೆ ಕೆಳಗೆ ಜರುಗಿಸಿದರೆ ನೆರಳು ಹೋಗಿ ಕಿಟಕಿ ತೆರೆಯುತ್ತದೆ. ಆಗ ಕಾಣುವ ಚಿತ್ರಕ್ಕೆ ನಾವು ಹಾರುವ ಬಾವಲಿ ಅನ್ನುತ್ತೇವೆ. ಎರಡು ಕಿವಿ, ಎರಡು ರೆಕ್ಕೆ, ಎಲ್ಲ ಮೂಳೆಯವೇ. ಬಾವಲಿಯ ನಡುವೆ ಒಂದರ ಕೆಳಗೊಂದು ಎರಡು ಬಿಳಿ ಗೆರೆ, ಗಣಿತದ ಸಮ ಚಿಹ್ನೆಯ ಹಾಗೆ. ಮೇಲಿನ ಗೆರೆ ನೀರಿನ ಚೀಲದ ಹತ್ತಿರದ ಗೋಡೆ, ಕೆಳಗಿನ ಗೆರೆ ಆಚೆ ಗೋಡೆ. ಔಷಧಿ ಹೋಗಬೇಕಾದ ಜಾಗ ಅವೆರಡರ ನಡುವೆ. ಎರಡೂ ಗೆರೆ ಸ್ಪಷ್ಟವಾಗಿ ಕಂಡರೆ ಅಲ್ಲಿ ದಾರಿ ಇದೆ ಅಂತ ಅರ್ಥ. ಚಿತ್ರವನ್ನು ನಿಲ್ಲಿಸಿ, ಚರ್ಮದಿಂದ ಮೇಲಿನ ಗೆರೆಗೆ ಎಷ್ಟು ಸೆಂಟಿಮೀಟರ್ ಅಂತ ಅಳೆಯುತ್ತೇವೆ. ಪ್ರೋಬ್ ಎಷ್ಟು ಓರೆಯಾಗಿತ್ತು ಎಂಬುದನ್ನೂ ಕೈ ನೆನಪಿಟ್ಟುಕೊಳ್ಳುತ್ತದೆ. ಸೂಜಿಯೂ ಅದೇ ಓರೆಯಲ್ಲಿ ಹೋಗಬೇಕು.

ಆಳದ ಅಳತೆ ಯಾಕೆ ಮುಖ್ಯ ಅಂದರೆ, ಬೆನ್ನಿಗೆ ಹಾಕುವ ಈ ಸೂಜಿಯ, ಅಂದರೆ ಸಾಮಾನ್ಯ ಸ್ಪೈನಲ್ ಸೂಜಿಯ ಉದ್ದ 9 ಸೆಂ.ಮೀ. ಸಣ್ಣ ಮೈಯವರಲ್ಲಿ ಅದರ ಅರ್ಧದಷ್ಟು ಹೋದರೆ ಸಾಕು. ತೂಕ ಹೆಚ್ಚಿರುವವರಲ್ಲಿ ಕೆಲವೊಮ್ಮೆ ಸೂಜಿ ಪೂರ್ತಿ ಒಳಗೆ ಹೋದರೂ ತುದಿ ನೀರು ಮುಟ್ಟಿರುವುದಿಲ್ಲ. ಡಾಕ್ಟರು ಜಾಗ ತಪ್ಪಿತು ಅಂದುಕೊಂಡು ಬೇರೆ ಕಡೆ ಚುಚ್ಚುತ್ತಾರೆ. ಜಾಗ ಸರಿಯೇ ಇತ್ತು, ಸೂಜಿ ಗಿಡ್ಡ! ಇದಕ್ಕಾಗಿ 12 ಸೆಂ.ಮೀ. ಉದ್ದದ ಸೂಜಿ ಬರುತ್ತದೆ. ಅದನ್ನು ಮೊದಲೇ ತರಿಸಿಡಬೇಕು, ಎಲ್ಲ ನರ್ಸಿಂಗ್ ಹೋಮ್‌ಗಳ ಟ್ರೇನಲ್ಲೂ ಇರುವುದಿಲ್ಲ. ಸುಮ್ನೆ ಎಲ್ಲರಿಗೂ ಉದ್ದದ ಸೂಜಿಯನ್ನೇ ಹಾಕಬಾರದಾ ಅಂತ ನೀವು ಕೇಳಬಹುದು. ಉದ್ದ ಹೆಚ್ಚಾದಷ್ಟೂ ತೆಳು ಸೂಜಿ ದಾರಿಯಲ್ಲಿ ಬಾಗುತ್ತದೆ. ಬೇಕಾದವರಿಗೆ ಮಾತ್ರ ಅದು.

ಇಲ್ಲೊಂದು ಸೂಕ್ಷ್ಮ ಇದೆ. ಪರದೆಯ ಮೇಲಿನ ಆಳಕ್ಕಿಂತ ಸೂಜಿ ಹೋಗುವ ಆಳ ಸಾಮಾನ್ಯವಾಗಿ ಒಂದಿಷ್ಟು ಮಿಲಿಮೀಟರ್ ಜಾಸ್ತಿ ಇರುತ್ತದೆ. ಸ್ಕ್ಯಾನ್ ಮಾಡುವಾಗ ಪ್ರೋಬನ್ನು ಒತ್ತಿ ಹಿಡಿದಿರುತ್ತೇವಲ್ಲ, ಕೊಬ್ಬು ಅಮುಕಿಕೊಂಡಿರುತ್ತದೆ. ಕೈ ತೆಗೆದರೆ ಮತ್ತೆ ಉಬ್ಬುತ್ತದೆ.

ನಾನು ಇಷ್ಟಪಟ್ಟು ಮಾಡುವ ಭಾಗ ಗುರುತು ಹಾಕುವುದು. ಪ್ರೋಬಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮಾರ್ಕರ್ ಪೆನ್ನಿನಿಂದ ಚಿಕ್ಕ ಗೀಟು ಎಳೆಯುತ್ತೇವೆ. ಪ್ರೋಬ್ ಎತ್ತಿ, ಗೀಟುಗಳನ್ನು ಎದುರುಬದುರು ಸೇರಿಸಿದರೆ ಎರಡೂ ಕೂಡುವ ಜಾಗವೇ ಸೂಜಿಯ ಬಾಗಿಲು. ಆಮೇಲೆ ಜೆಲ್ ಎಲ್ಲ ಚೆನ್ನಾಗಿ ಒರೆಸಬೇಕು, ಸೂಜಿಯ ಜೊತೆ ಅದು ಒಳಗೆ ಹೋಗಬಾರದು. ಆದರೆ ಜೆಲ್ ಒರೆಸಿ, ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಹಚ್ಚುವಷ್ಟರಲ್ಲಿ ಪೆನ್ನಿನ ಗುರುತು ಅರ್ಧ ಹೋಗಿರುತ್ತದೆ. ನಾನು ಪೆನ್ನಿನ ಮುಚ್ಚಳದ ಬಾಯಿಯನ್ನು ಆ ಜಾಗಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇನೆ. ಚರ್ಮದ ಮೇಲೆ ಬಳೆಯಂಥ ಒಂದು ಅಚ್ಚು ಉಳಿಯುತ್ತದೆ, ಅದು ಒರೆಸಿದರೂ ಹೋಗುವುದಿಲ್ಲ. ಚುಚ್ಚುವ ಹೊತ್ತಿಗೆ ಅದು ಇನ್ನೂ ಕಾಣುತ್ತಿರುತ್ತದೆ.

ಈಗ ನಿಮ್ಮ ಪಾಲಿನ ಕೆಲಸ. ಗುರುತು ಹಾಕಿದ ಮೇಲೆ ಅಲುಗಾಡಬೇಡಿ. ಗುರುತು ಇರುವುದು ಚರ್ಮದ ಮೇಲೆ, ಕಿಟಕಿ ಇರುವುದು ಎಂಟು ಸೆಂಟಿಮೀಟರ್ ಒಳಗೆ. ನೀವು ಒಂದು ಪಕ್ಕಕ್ಕೆ ವಾಲಿದರೆ ಚರ್ಮ ಜಾರುತ್ತದೆ, ಮೂಳೆ ಅಲ್ಲೇ ಇರುತ್ತದೆ. ಅಷ್ಟೂ ಕೆಲಸ ನೀರುಪಾಲು. ಅದಕ್ಕೇ ಸ್ಕ್ಯಾನ್ ಮಾಡುವಾಗ ಯಾವ ಭಂಗಿಯಲ್ಲಿ ಕೂತಿದ್ದಿರೋ ಸೂಜಿ ಹಾಕುವಾಗಲೂ ಅದೇ ಭಂಗಿ ಬೇಕು. ಟೇಬಲ್ ಅಂಚಿನಲ್ಲಿ ಕೂತು, ಕಾಲ ಕೆಳಗೆ ಸ್ಟೂಲ್, ತೊಡೆಯ ಮೇಲೆ ದಿಂಬು, ಗದ್ದ ಎದೆಗೆ, ಭುಜ ಸಡಿಲ. ಸೊಂಟವನ್ನು ಹಿಂದಕ್ಕೆ ತಳ್ಳಿ, ಬೆಕ್ಕು ಸಿಟ್ಟಿನಲ್ಲಿ ಬೆನ್ನು ಕಮಾನು ಮಾಡುವ ಹಾಗೆ. ಮುಂದೆ ನಿಂತ ಸಿಸ್ಟರ್ ನಿಮ್ಮನ್ನು ಹಿಡಿದಿರುತ್ತಾರೆ, ಅವರ ಭುಜದ ಮೇಲೆ ತಲೆ ಇಟ್ಟುಬಿಡಿ, ಸಂಕೋಚ ಬೇಡ. ಹೊಟ್ಟೆ ಅಡ್ಡ ಬರುತ್ತದೆ, ಪೂರ್ತಿ ಬಗ್ಗಲು ಆಗುವುದಿಲ್ಲ, ನಮಗೆ ಗೊತ್ತು. ಮನೆಯಲ್ಲಿ ಮಂಚದ ಅಂಚಿನಲ್ಲಿ ಕೂತು ಎರಡು ದಿನ ಅಭ್ಯಾಸ ಮಾಡಿಕೊಂಡು ಬಂದರೆ ಎಷ್ಟೋ ಅನುಕೂಲ.

ಒಂದೇ ಚುಚ್ಚಿಗೆ ಆಗುತ್ತಾ? ಮಾತು ಕೊಡಲಾರೆ. ಆದರೆ ಸಾಧ್ಯತೆ ಚೆನ್ನಾಗಿ ಹೆಚ್ಚುತ್ತದೆ. 2011ರಲ್ಲಿ ಟೊರಾಂಟೊದಲ್ಲಿ ಬೆನ್ನಿನ ಗುರುತು ಕೈಗೆ ಸಿಗದ 120 ಜನರನ್ನು ಎರಡು ಗುಂಪು ಮಾಡಿ ನೋಡಿದ್ದರು. ಅವರು ಗರ್ಭಿಣಿಯರಲ್ಲ, ಮೂಳೆ ಆಪರೇಷನ್‌ಗೆ ಬಂದವರು. ಮೊದಲ ಪ್ರಯತ್ನದಲ್ಲೇ ಆದದ್ದು ಬೆರಳಿನ ಗುಂಪಿನಲ್ಲಿ ಶೇ. 32, ಸ್ಕ್ಯಾನ್ ಗುಂಪಿನಲ್ಲಿ ಶೇ. 65. ನಿಮಗೆ ಇನ್ನೂ ಹತ್ತಿರದ್ದು ಚೀನಾದಿಂದ 2019ರಲ್ಲಿ ಬಂದ ಅಧ್ಯಯನ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ದಾಟಿದ, ಸಿಸೇರಿಯನ್‌ಗೆ ಬಂದ 80 ಗರ್ಭಿಣಿಯರು. ಮೊದಲ ಪ್ರಯತ್ನದ ಯಶಸ್ಸು ಬೆರಳಿನಿಂದ ಶೇ. 52.5, ಸ್ಕ್ಯಾನ್‌ನಿಂದ ಶೇ. 87.5. ತೂಕ ಹೆಚ್ಚಿದ್ದಷ್ಟೂ ಈ ಅಂತರ ಹೆಚ್ಚು. ನಿಮ್ಮ ಬಿಎಂಐ ಲೆಕ್ಕ ಹಾಕಿದರೆ 41 ಬರುತ್ತದೆ, ಅಂದರೆ ಸ್ಕ್ಯಾನ್‌ನಿಂದ ಜಾಸ್ತಿ ಲಾಭ ಆಗುವ ಸಾಲಿನಲ್ಲೇ ನೀವಿದ್ದೀರಿ. ಅದೇ, ಬೆನ್ನಿನ ಗಂಟು ಸಲೀಸಾಗಿ ಕೈಗೆ ಸಿಗುವವರಿಗೆ ಸ್ಕ್ಯಾನ್ ಮಾಡಿದರೆ ಸಮಯ ದಂಡವೇ ಹೊರತು ದೊಡ್ಡ ಪ್ರಯೋಜನ ಇಲ್ಲ. ನಿಮ್ಮ ಓರಗಿತ್ತಿಗೆ ಮಾಡದೆ ನಿಮಗೆ ಮಾತ್ರ ಯಾಕೆ ಮಾಡಿದರು ಅಂತ ಅನ್ನಿಸಿದರೆ, ಕಾರಣ ಇದು.

‘ಒಂದೇ ಚುಚ್ಚು’ ಅನ್ನುವುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಹೋದ ಮಳೆಗಾಲದಲ್ಲಿ ನಿಮ್ಮಷ್ಟೇ ತೂಕದ ಒಬ್ಬರು ಬಂದಿದ್ದರು. ಬೆನ್ನಿನ ಮಡಿಕೆ ನೋಡಿ ನಡುಗೆರೆ ಇಲ್ಲೇ ಅಂತ ನಾನೂ ಅಂದುಕೊಂಡೆ. ಸ್ಕ್ಯಾನ್‌ನಲ್ಲಿ ನೋಡಿದರೆ ನಿಜವಾದ ನಡುಗೆರೆ ಹತ್ತಿರಹತ್ತಿರ 2 ಸೆಂ.ಮೀ. ಬಲಕ್ಕಿತ್ತು. ಆಳ 7.8. ಉದ್ದದ ಸೂಜಿ ತೆಗೆಸಿದೆ. ಚರ್ಮಕ್ಕೆ ಮರಗಟ್ಟುವ ಚಿಕ್ಕ ಇಂಜೆಕ್ಷನ್ ಕೊಟ್ಟು, ದಾರಿ ಹಿಡಿಯಲು ಮೊದಲು ಸ್ವಲ್ಪ ದಪ್ಪನೆಯ ಗಿಡ್ಡ ಸೂಜಿ, ಅದರೊಳಗಿಂದ ತೆಳು ಸೂಜಿ. ಮೂಳೆಗೆ ತಾಗಿತು. ಪೂರ್ತಿ ಹೊರಗೆ ತೆಗೆಯದೆ ಸ್ವಲ್ಪ ಹಿಂದಕ್ಕೆ ಎಳೆದು, ತುಸು ಮೇಲ್ಮುಖ ಮಾಡಿದೆ. ಟಕ್ ಅಂತ ಒಂದು ಪದರ ದಾಟಿದ್ದು ಬೆರಳಿಗೆ ಗೊತ್ತಾಯಿತು. ಒಳಗಿನ ಕಡ್ಡಿ ತೆಗೆದು ಕಾದೆ. ಉದ್ದ ಸೂಜಿಯಲ್ಲಿ ನೀರು ಬರಲು ತಡ, ಆ ಕೆಲವು ಸೆಕೆಂಡು ನಮಗೂ ಉದ್ದವೇ. ಸೂಜಿಯ ಬಾಯಲ್ಲಿ ಒಂದು ಹನಿ, ಶುದ್ಧ ನೀರಿನಂಥ ಹನಿ ಮೂಡಿತು. ಚರ್ಮಕ್ಕೆ ಒಂದೇ ತೂತು, ಒಳಗೆ ಎರಡು ಪ್ರಯತ್ನ. ನಾವು ಅದನ್ನು ಒಳ್ಳೆಯ ದಿನ ಅಂತಲೇ ಎಣಿಸುತ್ತೇವೆ.

ಸ್ಕ್ಯಾನ್ ಎಲ್ಲವನ್ನೂ ತೋರಿಸುತ್ತದೆ ಅಂತಲೂ ಅಲ್ಲ. ಕೊಬ್ಬು ದಪ್ಪವಾದಷ್ಟೂ ಶಬ್ದ ದಾರಿಯಲ್ಲೇ ಸೋರಿಹೋಗಿ ಚಿತ್ರ ಮಂಜಾಗುತ್ತದೆ. ಅಂದರೆ ಸ್ಕ್ಯಾನ್ ಯಾರಿಗೆ ತುಂಬಾ ಬೇಕೋ ಅವರಲ್ಲೇ ಚಿತ್ರ ಕೆಟ್ಟದು. ಬಾವಲಿ ಕಾಣದೇ ಹೋಗಬಹುದು. ಆಗಲೂ ಹೆಚ್ಚಾಗಿ ನಡುಗೆರೆಯ ನೆರಳು ಮತ್ತು ಮೂಳೆಯ ಎಣಿಕೆ ಸಿಗುತ್ತವೆ. ಅಷ್ಟು ಸಿಕ್ಕರೂ ಅರ್ಧ ಗೆದ್ದ ಹಾಗೆ. ಸೂಜಿ ಹೋಗುವುದನ್ನು ಪರದೆಯಲ್ಲಿ ನೋಡುತ್ತಲೇ ಹಾಕುವ ವಿಧಾನವೂ ಇದೆ. ಆದರೆ ಪ್ರೋಬಿಗೆ ಒಂದು ಕೈ, ಸೂಜಿಗೆ ಒಂದು, ಕಡ್ಡಿ ತೆಗೆಯಲು ಮೂರನೆಯದು ಎಲ್ಲಿಂದ ತರುವುದು? ಅದಕ್ಕೇ ಮೊದಲೇ ನೋಡಿ ಗುರುತು ಹಾಕಿಕೊಳ್ಳುವುದು ಜಾಸ್ತಿ ಚಾಲ್ತಿಯಲ್ಲಿದೆ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ, ಬೆನ್ನಿನಲ್ಲಿ ಸಣ್ಣ ನಳಿಕೆ ಇಟ್ಟು ಮರಗಟ್ಟಿಸುವ ಎಪಿಡ್ಯೂರಲ್ ಹಾಕಲು ಅಲ್ಟ್ರಾಸೌಂಡ್ ನೆರವು ಪಡೆಯಬಹುದು ಅಂತ 2008ರಲ್ಲೇ ಹೇಳಿತ್ತು.

ಹಾಗಿದ್ದರೆ ನಮ್ಮಲ್ಲಿ ಎಲ್ಲ ಕಡೆ ಯಾಕಿಲ್ಲ? ಕಲಿತವರು ಕಮ್ಮಿ ಎಂಬುದು ಒಂದು. ಚಿತ್ರ ಓದಲು ಕಣ್ಣು ಪಳಗಬೇಕು, ಅದಕ್ಕೆ ಸುಲಭದ ಬೆನ್ನುಗಳ ಮೇಲೆ ಅಭ್ಯಾಸ ಮಾಡಿರಬೇಕು. ಇನ್ನೊಂದು ನಮ್ಮ ದೇಶದ್ದೇ ಕಾರಣ. ಹೆಣ್ಣು ಭ್ರೂಣಹತ್ಯೆ ತಡೆಯಲು 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದೆ. ಸ್ಕ್ಯಾನ್ ಯಂತ್ರ ಎಲ್ಲೇ ಇರಲಿ, ಅದರ ನೋಂದಣಿ ಆಗಿರಬೇಕು, ನೋಂದಣಿಯಾದ ಜಾಗ ಬಿಟ್ಟು ಆಚೆ ಒಯ್ಯುವಂತಿಲ್ಲ. ನಮ್ಮ ಚಿಕ್ಕ ಊರುಗಳಲ್ಲಿ ಒಬ್ಬರೇ ಅನಸ್ತೇಷಿಯಾ ಡಾಕ್ಟರು ಬ್ಯಾಗ್ ಹಿಡಿದು ದಿನಕ್ಕೆ ಮೂರ್ನಾಲ್ಕು ನರ್ಸಿಂಗ್ ಹೋಮ್ ಸುತ್ತುತ್ತಾರೆ. ಔಷಧಿ ಒಯ್ಯಬಹುದು, ಸೂಜಿ ಒಯ್ಯಬಹುದು, ಸ್ಕ್ಯಾನರ್ ಒಯ್ಯುವ ಹಾಗಿಲ್ಲ. ಹಾಗಾಗಿ ಆ ಆಸ್ಪತ್ರೆಯದ್ದೇ ಯಂತ್ರ ಓಟಿಗೆ ಬರಬೇಕು. ಆ ಕಾಯ್ದೆ ಬೇಡ ಅಂತ ನಾನು ಖಂಡಿತ ಹೇಳುವವಳಲ್ಲ. ಅದು ಯಾಕೆ ಬಂತು ಅಂತ ಹೆರಿಗೆ ಕೋಣೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಆದರೆ ಬೆನ್ನು ನೋಡುವ ಯಂತ್ರಕ್ಕೂ ಅದೇ ಬೀಗ ಬಿದ್ದಿರುವುದು ನಿಜ. ನಿಮ್ಮ ಡಾಕ್ಟರು ತಾವಾಗಿಯೇ ಸ್ಕ್ಯಾನ್ ಮಾಡುತ್ತೇನೆ ಅಂದಿದ್ದಾರೆ ಅಂದರೆ ನಿಮಗೆ ಒಳ್ಳೆಯ ಜಾಗವೇ ಸಿಕ್ಕಿದೆ.

ಮತ್ತೆ, ‘ದಪ್ಪ’ ಅನ್ನುವ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಬಿಎಂಐ 25 ಅಥವಾ ಅದಕ್ಕಿಂತ ಜಾಸ್ತಿ ಇರುವವರು 2015–16ರಲ್ಲಿ ಶೇ. 23.3 ಇದ್ದರು. 2019–21ಕ್ಕೆ ಶೇ. 30.1 ಆದರು. ನಾವು ದಿನಾ ನೋಡುವ ಬೆನ್ನುಗಳೇ ಬದಲಾಗಿವೆ. ಬದಲಾಗಬೇಕಾದ್ದು ನಾವು ನೋಡುವ ರೀತಿ.

ಸೊಂಟನೋವಿನ ವಿಷಯ. ‘ಬೆನ್ನಿಗೆ ಇಂಜೆಕ್ಷನ್ ತಗೊಂಡ್ರೆ ಜೀವನಪೂರ್ತಿ ಸೊಂಟನೋವು’ ಅಂತ ಪ್ರತಿ ಬಾಣಂತಿ ಮನೆಯಲ್ಲೂ ಒಬ್ಬ ಅತ್ತೆಯೋ ಚಿಕ್ಕಮ್ಮನೋ ಹೇಳಿರುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ಹೌದು. ಎಂಟು ಚುಚ್ಚಾದರೆ ಇನ್ನೂ ಜಾಸ್ತಿ. ಆದರೆ ನಾಲ್ಕು ವರ್ಷ ಉಳಿಯುವ ನೋವಿಗೆ ಆ ಸೂಜಿಯನ್ನು ಹೊಣೆ ಮಾಡಲು ಆಧಾರ ಸಿಗುವುದಿಲ್ಲ. ಸೂಜಿಯನ್ನೇ ಕಾಣದೆ, ಸಹಜವಾಗಿ ಹೆತ್ತವರಿಗೂ ಸೊಂಟನೋವು ಬರುತ್ತದೆ. ಗರ್ಭದ ಭಾರ, ಸಡಿಲವಾದ ಕೀಲು, ಬಗ್ಗಿ ಬಗ್ಗಿ ಮಗು ಎತ್ತುವುದು, ಎಲ್ಲ ಸೇರುತ್ತವೆ. ಹಾಗಂತ ನಿಮ್ಮ ನೋವು ಸುಳ್ಳು ಅಂತ ಅಲ್ಲ. ಕಾಲಿಗೆ ಜೋಮು, ಶಕ್ತಿ ಇಲ್ಲದಿರುವುದು, ಮೂತ್ರ ಕಟ್ಟುವುದು ಅಥವಾ ತಾನಾಗಿ ಹೋಗುವುದು ಇದ್ದರೆ ಹೆರಿಗೆ ದಿನದವರೆಗೆ ಕಾಯದೆ ಈಗಲೇ ತೋರಿಸಿ. ಇಲ್ಲದಿದ್ದರೂ ನೋವಿನ ಸಂಗತಿಯನ್ನು ಅನಸ್ತೇಷಿಯಾ ಡಾಕ್ಟರಿಗೆ ಹೇಳಿ, ಬರೆದಿಟ್ಟುಕೊಳ್ಳಲಿ.

ಅವರನ್ನು ಆಪರೇಷನ್ ದಿನ ಬೆಳಿಗ್ಗೆ ಓಟಿ ಬಾಗಿಲಲ್ಲಿ ನೋಡುವುದಲ್ಲ, ಈ ವಾರವೇ ಒಂದು ಸಲ ಕೂತು ಮಾತಾಡಿ. ಹಳೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿ ಒಯ್ಯಿರಿ. ಆದರೆ ಆ ಆಸ್ಪತ್ರೆಯಿಂದ ಅನಸ್ತೇಷಿಯಾ ಚೀಟಿಯ ನಕಲೂ ಕೇಳಿ. ಹೋದ ಸಲ ಟ್ಯೂಬ್ ಸಲೀಸಾಗಿ ಹೋಯಿತಾ, ಕಷ್ಟ ಆಯಿತಾ ಅನ್ನುವುದು ಅದರಲ್ಲಿರುತ್ತದೆ. ನಮಗೆ ಅದು ಚಿನ್ನದಂಥ ಮಾಹಿತಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ, ಮಧ್ಯೆ ಉಸಿರು ಕಟ್ಟಿದಂತಾಗುತ್ತಾ ಎಂದು ಯಜಮಾನರನ್ನು ಕೇಳಿ ಹೇಳಿ. ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಗೆ ಚುಚ್ಚಿಕೊಳ್ಳುವ ಎನಾಕ್ಸಾಪರಿನ್ ಇಂಜೆಕ್ಷನ್ ನಡೆಯುತ್ತಿದ್ದರೆ ಅದನ್ನಂತೂ ಮರೆಯಲೇಬೇಡಿ. ಚಿಕ್ಕ ಡೋಸ್ ಆದರೆ ಕೊನೆಯ ಇಂಜೆಕ್ಷನ್ ಆಗಿ 12 ಗಂಟೆ, ದೊಡ್ಡ ಡೋಸ್ ಆದರೆ 24 ಗಂಟೆ ಕಳೆಯದೆ ಬೆನ್ನಿಗೆ ಸೂಜಿ ಹಾಕುವ ಹಾಗಿಲ್ಲ. ಆಗ ಸ್ಕ್ಯಾನ್ ಇದ್ದರೂ ಉಪಯೋಗ ಇಲ್ಲ.

ಅವರನ್ನು ಎರಡು ವಿಷಯ ಕೇಳಿ. ಉದ್ದದ ಸ್ಪೈನಲ್ ಸೂಜಿ ಇದೆಯಾ? ಹಳೆಯ ಹೊಲಿಗೆಯ ಅಂಟುಗಳಿಂದ ಆಪರೇಷನ್ ಉದ್ದವಾದರೆ ಏನು ಮಾಡುತ್ತೀರಿ? ಒಂದು ಸಲದ ಸ್ಪೈನಲ್ ಸಾಮಾನ್ಯವಾಗಿ ಒಂದೂವರೆ ಎರಡು ಗಂಟೆ ನಿಲ್ಲುತ್ತದೆ. ಎರಡನೇ ಸಿಸೇರಿಯನ್, ಮೇಲೆ ತೂಕ ಅಂದರೆ ಕೆಲವೊಮ್ಮೆ ಅದು ಸಾಲದು. ಅದಕ್ಕೆ ಕೆಲವರು ಜೊತೆಗೆ ಸಣ್ಣ ಎಪಿಡ್ಯೂರಲ್ ನಳಿಕೆ ಇಟ್ಟುಕೊಳ್ಳುತ್ತಾರೆ, ಔಷಧಿ ಮತ್ತೆ ಬಿಡಬಹುದು. ಯಂತ್ರದ ಹೆಸರು, ಬೆಲೆ ಕೇಳುವುದಕ್ಕಿಂತ ಈ ಎರಡು ಪ್ರಶ್ನೆಗೆ ಅವರು ಹೇಗೆ ಉತ್ತರ ಕೊಡುತ್ತಾರೆ ನೋಡಿ.

ತುರ್ತಿನಲ್ಲಿ ಲೆಕ್ಕ ಬೇರೆ. ರಕ್ತಸ್ರಾವ, ಮಗುವಿನ ಹೊಕ್ಕುಳಬಳ್ಳಿ ಜಾರುವುದು, ಇಂಥದ್ದಾದರೆ ಸ್ಕ್ಯಾನ್‌ಗೆ ಸಮಯವೇ ಇರುವುದಿಲ್ಲ, ನೇರ ಪ್ರಜ್ಞೆ ತಪ್ಪಿಸಬೇಕಾಗಬಹುದು. ಆದ್ದರಿಂದ ಕೊಟ್ಟ ದಿನಾಂಕಕ್ಕಿಂತ ಮೊದಲೇ ನೋವು ಶುರುವಾದರೆ, ನೀರು ಹೋದರೆ, ಮನೆಯಲ್ಲಿ ನೋಡೋಣ ಅಂತ ಕೂರಬೇಡಿ. ಬೇಗ ಬಂದರೆ ಬೆನ್ನಿಗೆ ಐದು ನಿಮಿಷ ಸಿಗುತ್ತದೆ. ಹೊರಡುವ ಮುಂಚೆ ಹೊಟ್ಟೆಗೆ ಏನೂ ಹಾಕಿಕೊಳ್ಳಬೇಡಿ. ದಿನ ಗೊತ್ತುಮಾಡಿದ ಆಪರೇಷನ್ ಆದರೆ ಊಟ ಆಗಿ 6 ಗಂಟೆ, ನೀರು ಕುಡಿದು 2 ಗಂಟೆ ಕಳೆದಿರಬೇಕು. ಟೀ, ಹಾಲು, ಗಂಜಿ ಎಲ್ಲ ಊಟದ ಲೆಕ್ಕಕ್ಕೇ ಸೇರುತ್ತವೆ.

ಎಲ್ಲ ಸರಿಹೋದರೆ ಸೂಜಿ ತೆಗೆದ ಒಂದೆರಡು ನಿಮಿಷಕ್ಕೆ ಕಾಲು ಬೆಚ್ಚಗಾಗಿ, ಆಮೇಲೆ ಭಾರವಾಗುತ್ತದೆ. ಬಿಪಿ ಇಳಿದು ವಾಕರಿಕೆ ಬರಬಹುದು, ಕೂಡಲೇ ಹೇಳಿ, ಅದಕ್ಕೆ ಔಷಧಿ ಕೈಯಲ್ಲೇ ಇರುತ್ತದೆ. ಬಿಪಿ ಪಟ್ಟಿ ನಿಮ್ಮ ತೋಳಿಗೆ ಸಾಲುವಷ್ಟು ದೊಡ್ಡದಿರಬೇಕು, ಚಿಕ್ಕದನ್ನು ಬಿಗಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆಪರೇಷನ್ ನಡೆಯುವಾಗ ಎಳೆದಂತೆ, ಒತ್ತಿದಂತೆ ಗೊತ್ತಾಗುತ್ತದೆ, ನೋವು ಇರಬಾರದು. ನೋವಾದರೆ ತಡೆದುಕೊಳ್ಳಬೇಡಿ. ಆಮೇಲೆ ಪರದೆಯ ಆಚೆಯಿಂದ ಅಳು ಕೇಳುತ್ತದೆ. ಹೋದ ಸಲ ಮಗುವಿನ ಅಳು ಕೇಳಲಿಲ್ಲ ಅಂತ ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ಹೇಳಿಟ್ಟಿರಿ. ನಾವು ನಿಮ್ಮ ತಲೆಯ ಹತ್ತಿರವೇ ನಿಂತಿರುತ್ತೇವೆ, ಮಗುವನ್ನು ನಿಮ್ಮ ಕೆನ್ನೆಗೆ ತಾಗಿಸಲು ಸಿಸ್ಟರಿಗೆ ಹೇಳುವುದು ನಮಗೆ ಕಷ್ಟದ ಕೆಲಸವಲ್ಲ.